ರಾಮದಾಸಣ್ಣನ ದಂಬೆ

ಮಲಯಾಳ ಸೀಮೆಯ ಈ ಎಡಪ್ಪಳ್ಳಿಯ ನಮ್ಮ ಓಣಿಯಲ್ಲಿ ಕನ್ನಡ ಮಾತಾಡುವ ಮನೆ ಎರಡೇ. ಒಂದು ನನ್ನದು, ಇನ್ನೊಂದು ಗೋಡೆಯಾಚೆಯ ರಾಮದಾಸಣ್ಣನದು. ಎರಡೂ ಮನೆಯವರು ಕುಂಬಳೆ ಕಡೆಯವರೇ. ನಾನು ಪಟ್ಟಂನ ಬ್ಯಾಂಕಿನಿಂದ ವರ್ಗವಾಗಿ ಇಲ್ಲಿಗೆ ಬಂದು ಬಿದ್ದವಳು. ಅವರು ಅಂಬಲಮುಗಳಿನ ಕಾರ್ಖಾನೆಯಲ್ಲಿ ಪೈಪುಗಳ ತಪಾಸಣೆ ಮಾಡಿ ಮಾಡಿ ನಿವೃತ್ತರಾದವರು. ನಿವೃತ್ತಿ ಕೆಲಸಕ್ಕೆ ಮಾತ್ರ, ತಪಾಸಣೆಗಲ್ಲ! ಅವರ ಮಹಡಿಮನೆಯ ಮಾಡಿನಂಚಿಗೆ ಮಳೆನೀರು ಹಿಡಿಯುವ ತಗಡಿನ ದಂಬೆ ಉಂಟಲ್ಲ, ಅದರ ಮೇಲೆ ಅವರಿಗಿದ್ದ ಕಾಳಜಿಯಲ್ಲಿ ಕಾಲು ಭಾಗ ನನ್ನ ಗಂಡನಿಗೆ ನನ್ನ ಮೇಲೆ ಇದ್ದಿದ್ದರೆ ನಾನು ಇಷ್ಟು ಸಿಡುಕಿ ಆಗುತ್ತಿರಲಿಲ್ಲ, ದೇವರಾಣೆ.

ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೆ ಮಳೆ ಬಿಟ್ಟು ಹೊಳವಾದಾಗಲೆಲ್ಲ ಅವರು ಏಣಿ ಹತ್ತುತ್ತಿದ್ದರು. ಮೇಲಿನ ಕಿಟಕಿಯ ಸಜ್ಜದ ಮೇಲೆ ನಿಂತು, ದಂಬೆಯಲ್ಲಿ ಬಿದ್ದ ಹಲಸಿನೆಲೆ ತೆಗೆದು, ಒಂದು ಕೊಡ ನೀರು ಹೊಯ್ಯುತ್ತಿದ್ದರು. ಆ ನೀರು ಮೂಲೆಯ ಪೈಪಿನಲ್ಲಿ ಇಳಿದು ಬಾವಿಗೆ ಹೋಗಬೇಕು. ಪೈಪಿನ ಬಾಯಿಯ ಹತ್ತಿರ ಅವರ ಹೆಂಡತಿ ರಾಜೀವಕ್ಕ ಕಾದು ನಿಂತಿರುತ್ತಿದ್ದರು. ನೀರು ಕಂಡ ಕೂಡಲೇ, "ಬಂತೂ!" ಆಮೇಲೆ ಏಣಿಯ ಬುಡಕ್ಕೆ ಓಡಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಇನ್ನು ಇಳೀರಿ!" ಈ ಎರಡನೆಯ ಮಾತು ಕೇಳದೆ ರಾಮದಾಸಣ್ಣ ಏಣಿಗೆ ಕಾಲಿಡುತ್ತಿರಲಿಲ್ಲ. ಅದು ಕಾರ್ಖಾನೆಯ ಶಿಸ್ತಂತೆ. ಭಾನುವಾರ ಬೆಳಿಗ್ಗೆ ಈ ಬೊಬ್ಬೆಗೆ ಎಚ್ಚರವಾಗಿ ನಾನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಹೋದ ವರ್ಷ ಜ್ವರ ಬಂದು ರಾಜೀವಕ್ಕ ತೀರಿಕೊಂಡರು. ಅಷ್ಟು ಗಟ್ಟಿಮುಟ್ಟಾದ ಹೆಂಗಸು, ನೋಡನೋಡುತ್ತಾ ಹೋಗಿಬಿಟ್ಟರು. ಆ ಬೊಬ್ಬೆ ಇಲ್ಲದ ಭಾನುವಾರ ನನಗೆ ಅಳು ಬಂತು.

ಈ ಸಲ ಮಳೆಗೆ ಮೊದಲು ಕೆಳಗೆ ನಿಂತದ್ದು ಅವರ ಮಗಳು ಅನ್ವಿತಾ. ಇಲ್ಲೇ ಬೆಳೆದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಮಲಯಾಳ. ನೀರು ಬಂದಾಗ "ವನ್ನು ಅಚ್ಛಾ" ಅಂದಳಂತೆ, ಬಂತು ಅಪ್ಪಾ ಅಂತ. ಮೇಲಿನಿಂದ ರಾಮದಾಸಣ್ಣ ಕೇಳಿದರಂತೆ: "ನಿನಗಿಂತ ಮೊದಲು 'ಬಂತು' ಅಂದದ್ದು ಯಾರು?"

ಮರುದಿನ ಬ್ಯಾಂಕಿಗೆ ಹೊರಟ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ ಅನ್ವಿತಾ ಇದನ್ನು ಹೇಳಿದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಭ್ರಮೆ ಮಾರಾಯ್ತಿ, ಸರಿಹೋಗುತ್ತದೆ" ಅಂದೆ.

ಎಂತ ಸರಿಹೋಗುವುದು! ಅವರು ದಿನಾ ಹತ್ತತೊಡಗಿದರು. ಒಂದು ಸಂಜೆ ನನ್ನ ಕಿಟಕಿಯಿಂದ ನೋಡುತ್ತೇನೆ, ಅಂಗಳದಲ್ಲಿ ಬಿದ್ದ ಹಲಸಿನೆಲೆಗಳನ್ನು ಚೀಲಕ್ಕೆ ತುಂಬಿಕೊಂಡು ಮೇಲೆ ಒಯ್ದು ದಂಬೆಗೆ ಸುರಿಯುತ್ತಿದ್ದಾರೆ. ಆಮೇಲೆ ಅವನ್ನೇ ಒಂದೊಂದಾಗಿ ಹೆಕ್ಕಿ ತೆಗೆದರು. ನೀರು ಹೊಯ್ದು, ಪೈಪಿಗೆ ಕಿವಿ ಕೊಟ್ಟು, ನಕ್ಕರು.

ಹೋಗಿ ಬೈದೆ. "ಸಜ್ಜದ ಮೇಲೆ ಪಾಚಿ ಕಟ್ಟಿದೆ, ಜಾರಿ ಬಿದ್ದರೆ ಈ ಹುಡುಗಿಗೆ ಯಾರು ಗತಿ? ತಾಯಿಯನ್ನು ಕಳೆದುಕೊಂಡದ್ದು ಸಾಲದಾ?"

ಅವರಿಗೆ ಸಿಟ್ಟೇ ಬರಲಿಲ್ಲ. "ಗೌರಿ, ಪೈಪಿನಲ್ಲಿ ನನ್ನವಳು 'ಬಂತು' ಅಂತ ಮಾತ್ರ ಹೇಳುತ್ತಾಳೆ. 'ಇಳೀರಿ' ಅನ್ನುವುದಿಲ್ಲ. ಎಷ್ಟು ಕಾದರೂ ಇಲ್ಲ. ಅದೊಂದು ಹೇಳಿಬಿಟ್ಟರೆ ಮತ್ತೆ ನಾನು ಹತ್ತುವುದೇ ಇಲ್ಲ" ಅಂದರು.

ಮುಂದಿನ ಭಾನುವಾರ ಅನ್ವಿತಾ ಹೊರಗೆ ಹೋಗಿದ್ದಳು. ಮಧ್ಯಾಹ್ನ ಒಮ್ಮೆಲೇ ಕತ್ತಲು ಕವಿದು ಗಾಳಿಮಳೆ ಹೊಡೆಯಿತು. ಬಟ್ಟೆ ತೆಗೆಯಲು ಓಡಿದವಳು ನೋಡಿದರೆ ರಾಮದಾಸಣ್ಣ ಸಜ್ಜದ ಮೇಲೆ! ತೊಯ್ದು ತೊಪ್ಪೆಯಾಗಿ, ದಂಬೆ ಹಿಡಿದು ನಿಂತಿದ್ದಾರೆ. ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಆ ಮಾತು ನಾನೇ ಹೇಳಿದರೆ? ಊರು ಒಂದೇ, ರಾಗವೂ ಒಂದೇ. ಮಳೆಯ ಸದ್ದಿನಲ್ಲಿ ಯಾರ ಸ್ವರ ಅಂತ ಅವರಿಗೆಲ್ಲಿ ಗೊತ್ತಾಗುತ್ತದೆ! ಅವರ ಹಿತ್ತಲಿಗೆ ಓಡಿ, ಬಾವಿಕಟ್ಟೆಯ ಹತ್ತಿರ ಬಗ್ಗಿ, ನೀರು ಸುರಿಯುವ ಪೈಪಿನ ಬಾಯಿಯ ಪಕ್ಕಕ್ಕೆ ಬಾಯಿಟ್ಟು ರಾಜೀವಕ್ಕನ ಹಾಗೇ ಎಳೆದು ಕೂಗಿದೆ: "ಇನ್ನು ಇಳೀರೀ!"

ಮೇಲೆ ಅವರು ಅತ್ತದ್ದು ಕೇಳಿಸಿತು. "ಬಂದೆ, ಬಂದೆ" ಅಂದರು.

ಅಬ್ಬಾ ಅಂತ ತಲೆಯೆತ್ತುವಷ್ಟರಲ್ಲಿ ಪೈಪಿನೊಳಗಿನಿಂದ ನನ್ನ ಕೆನ್ನೆಗೆ ತಣ್ಣಗೆ ಗಾಳಿ ತಾಗಿತು. ಕಿವಿಯ ಪಕ್ಕದಲ್ಲೇ, ಸಿಟ್ಟಿನಲ್ಲಿ, ರಾಜೀವಕ್ಕನ ಸ್ವರ.

"ಏಣಿ!"

ತಿರುಗಿ ನೋಡಿದೆ. ಗಾಳಿಗೆ ಏಣಿ ವಾಲಿ, ಅದರ ಬುಡ ನೆಲದ ಪಾಚಿಯ ಮೇಲೆ ಜಾರುತ್ತಿತ್ತು. ರಾಮದಾಸಣ್ಣನ ಒಂದು ಕಾಲು ಆಗಲೇ ಮೇಲಿನ ಮೆಟ್ಟಿಲಲ್ಲಿತ್ತು. ಹೇಗೆ ಓಡಿದೆನೋ ಗೊತ್ತಿಲ್ಲ. ಬುಡಕ್ಕೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ. ಅವರ ಭಾರ ಬಿದ್ದು ಏಣಿ ಒಂದು ಗೇಣು ಜಾರಿ ನಿಂತಿತು. ನನ್ನ ಅಂಗೈ ಸುಲಿದುಹೋಯಿತು.

ಇಳಿದು ಬಂದವರು ನನ್ನನ್ನು ನೋಡಿ ಮಗುವಿನ ಹಾಗೆ ನಕ್ಕರು. "ಕೇಳಿದೆಯಾ ಗೌರಿ? ಹೇಳಿದಳು! ಕೊನೆಗೂ ಹೇಳಿದಳು!"

ಹೂಂ ಅಂದೆ.

ಈಗ ಅವರು ಏಣಿಯ ತಂಟೆಗೆ ಹೋಗುವುದಿಲ್ಲ. ದಂಬೆ ತೊಳೆಯಲು ಇಬ್ರಾಹಿಂ ಅಂತ ಒಬ್ಬ ಬರುತ್ತಾನೆ. ರಾಮದಾಸಣ್ಣ ಜಗಲಿಯಲ್ಲಿ ಚಹಾ ಕುಡಿಯುತ್ತಾ, ತನ್ನ ಹೆಂಡತಿ ಇಳಿಯಲು ಹೇಳಿದ್ದನ್ನು ಅವನಿಗೂ ಹೇಳುತ್ತಾರೆ. ನಾನು ತಿದ್ದುವುದಿಲ್ಲ. ಆ ಮಾತು ನನ್ನದು ಅಂತ ಅವರಿಗೆ ಗೊತ್ತಾಗುವುದೂ ಬೇಡ.

ತೀರಿಕೊಂಡ ಮೇಲೆ ರಾಜೀವಕ್ಕ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಗಂಡ ಅಷ್ಟು ದಿನ ಮೇಲೆ ನಿಂತು ಕಾದರೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಅಂತ ಏಣಿ ಅಪ್ಪಿಕೊಂಡು ನಿಂತಾಗಲೇ ನನಗೆ ಹೊಳೆದದ್ದು. ಏಣಿ ಹಿಡಿಯಲು ರಾಜೀವಕ್ಕನಿಗೆ ಈಗ ಕೈಯೇ ಇರಲಿಲ್ಲ.