ಐಸಿನ ಮನೆಯ ಒಂಬತ್ತು ಕೌದಿ ಅಂಗಿ

ಕುವೈತಿನಲ್ಲಿ ಹಿಮ ಬೀಳುತ್ತಿತ್ತು ಎಂದರೆ ನಮ್ಮೂರಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಅದರ ಬಾಗಿಲಲ್ಲಿ ಆರು ವರ್ಷ ಕೂತವಳು.

ಫಿಂಟಾಸ್ ಎಂಬ ಊರು ದಾಟಿ ದಕ್ಷಿಣಕ್ಕೆ ಹೋದರೆ ಸಮುದ್ರದ ದಂಡೆಗೆ ಒಂದು ರೆಸಾರ್ಟ್ ಇತ್ತು. ನೀರಿಗೆ ಮುಖ ಮಾಡಿದ ಸಾಲು ಬಂಗಲೆಗಳು, ಈಜುವ ಕೊಳ, ಖರ್ಜೂರದ ಗಿಡ. ಎಲ್ಲಕ್ಕಿಂತ ಹಿಂದೆ ಕಿಟಕಿಯೇ ಇಲ್ಲದ ಒಂದು ದೊಡ್ಡ ಶೆಡ್ಡು. ಅದರೊಳಗೆ ಯಂತ್ರದಿಂದ ಹಿಮ ಬೀಳಿಸುತ್ತಿದ್ದರು. ಒಂದು ದಿಬ್ಬ ಮಾಡಿದ್ದರು. ಜನ ಕಾಲಿಗೆ ಹಲಗೆ ಕಟ್ಟಿಕೊಂಡೋ ರಬ್ಬರ್ ಟ್ಯೂಬಿನಲ್ಲಿ ಕೂತೋ ಮೇಲಿಂದ ಜಾರುತ್ತಿದ್ದರು. ನಾವು ಕೆಲಸದವರು ಅದಕ್ಕೆ ಐಸಿನ ಮನೆ ಎನ್ನುತ್ತಿದ್ದೆವು. ಒಂದು ಶುಕ್ರವಾರ ಒಂದು ಬಂಗಲೆಗೆ ಬಂದವರು ಕೊಡುವ ಬಾಡಿಗೆ ನನ್ನ ಐದು ತಿಂಗಳ ಸಂಬಳ. ಇದನ್ನು ಒಂದು ಸಲ ಹೇಳಿಬಿಟ್ಟಿದ್ದೇನೆ, ಮತ್ತೆ ಹೇಳುವುದಿಲ್ಲ.

ನಾನು ಮೊದಲು ಬಂದದ್ದು ಬಾಗಲಕೋಟೆ ಕಡೆಯ ಒಬ್ಬ ಎಂಜಿನಿಯರ್ ಮನೆಗೆ, ರೊಟ್ಟಿ ಬಡಿಯಲಿಕ್ಕೆ. ಅವರು ಊರಿಗೆ ತಿರುಗಿ ಹೋಗುವಾಗ ನನ್ನ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಈ ರೆಸಾರ್ಟಿನ ಕಂಪನಿಯ ಹೆಸರಿಗೆ ಮಾಡಿಸಿಕೊಟ್ಟು ಹೋದರು. ಪಾಸ್‌ಪೋರ್ಟ್ ಕಂಪನಿಯ ಕಪಾಟು ಸೇರಿತು. ಅದು ಅಲ್ಲಿರುವ ತನಕ ಕಂಪನಿಯ ಮಾತೇ ಮಾತು.

ನನ್ನ ಕೆಲಸ ಕೋಟಿನ ಕೋಣೆಯಲ್ಲಿ. ಬಂದವರಿಗೆ ಕೋಟು, ಬೂಟು, ಕೈಚೀಲ ಕೊಡುವುದು, ಅವರು ಹೋದ ಮೇಲೆ ಹಸಿಯಾದದ್ದನ್ನು ಹಿಂಡಿ ಹೀಟರಿನ ಮುಂದೆ ಒಣಹಾಕುವುದು, ಹರಿದದ್ದನ್ನು ಹೊಲಿಯುವುದು. ಕೈಚೀಲ ಎಂದರೆ ಸಂತೆಯ ಚೀಲವಲ್ಲ, ಐದು ಬೆರಳಿನದು. ಹೊರಗೆ ಬಿಸಿಲು ಕಲ್ಲನ್ನು ಸೀಳುತ್ತಿದ್ದರೆ ನನ್ನ ಬಾಗಿಲ ಕೆಳಗಿನ ಸಂದಿಯಿಂದ ಬಿಳಿ ಮಬ್ಬು ತೆವಳಿಕೊಂಡು ಬಂದು ಪಾದದ ಮೇಲೆ ಮಲಗುತ್ತಿತ್ತು. ಸಾಕಿದ ಬೆಕ್ಕಿನ ಹಾಗೆ. ಹಸಿ ಕೈಚೀಲ ಹಿಂಡುವಾಗ ಬೆರಳ ಸಂದಿಯಿಂದ ತಣ್ಣನೆಯ ನೀರು ಇಳಿಯುತ್ತಿತ್ತು. ಆಗ ನನಗೆ ಕಣ್ಣು ತೆರೆದಿರುವಾಗಲೇ ಕನಸು ಬೀಳುತ್ತಿತ್ತು. ನಮ್ಮವ್ವ ಚಳಿಗಾಲದ ನಸುಕಿನಲ್ಲಿ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದಳು. ಗಿಡದ ಹುಳಿಯೆಲ್ಲ ಇಬ್ಬನಿಯ ಜತೆ ಬಟ್ಟೆಗೆ ಇಳಿಯುತ್ತಿತ್ತು. ಅದನ್ನು ಹಿಂಡಿ ಶೀಶೆಗೆ ತುಂಬಿ ಹೊಟ್ಟೆನೋವಿಗೆ ಇಡುತ್ತಿದ್ದಳು. ಒಂದು ಸಲ ನಾನು ಕೈಚೀಲ ಹಿಂಡಿದ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ. ಹುಳಿ ಇರಲಿಲ್ಲ. ಯಾರದೋ ಬೆವರಿನ ಉಪ್ಪಿತ್ತು.

ಒಳಗೆ ಹಿಮ ಎಳೆಯುವವರು ಒಂಬತ್ತು ಜನ. ಕುಂಟೆ ಹಿಡಿದು ದಿಬ್ಬವನ್ನು ಸಮ ಮಾಡುವುದು, ಜಾರಿ ಇಳಿದ ಟ್ಯೂಬುಗಳನ್ನು ಹಗ್ಗ ಹಾಕಿ ಮತ್ತೆ ಮೇಲೆ ಎಳೆಯುವುದು ಅವರ ಕೆಲಸ. ಮೈಮೇಲೆ ತೆಳ್ಳನೆಯ ನೀಲಿ ಅಂಗಿ, ಅದರ ಮೇಲೊಂದು ಜಾಳು ಸ್ವೆಟರ್. ನನ್ನ ಕೋಣೆಯಲ್ಲಿ ಇನ್ನೂರು ಕೋಟು ತೂಗುತ್ತಿದ್ದವು. ಅವೆಲ್ಲ ಬಂದವರಿಗೆ. ಕೆಲಸದವರು ಮುಟ್ಟಿದರೆ ಒಂದು ದಿನದ ಪಗಾರ ಕಟ್.

ಆ ಒಂಬತ್ತರಲ್ಲಿ ಒಬ್ಬ ನೇಪಾಳದವನು, ನಲವತ್ತು ದಾಟಿದವನು. ನನಗೆ ಮಾಜೀ ಎನ್ನುತ್ತಿದ್ದ. ಒಂದು ದಿನ ಒಳಗಿನಿಂದ ಬಂದವನ ಬೆರಳುಗಳು ಮೇಣದಬತ್ತಿಯ ಹಾಗೆ ಬೆಳ್ಳಗಾಗಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲು ಬರಲಿಲ್ಲ. ನಾನೇ ಹಾಕಿದೆ.

"ನಿಮ್ಮ ದೇಶದಾಗೂ ಹಿಮ ಬೀಳ್ತೈತಂತಲ್ಲೋ. ನಿನಗ ರೂಢಿ ಇರಬೇಕಲ್ಲ?" ಎಂದೆ, ನನಗೆ ಬಂದಷ್ಟು ಹಿಂದಿ ಬೆರೆಸಿ.

"ಬೀಳುತ್ತದೆ ಮಾಜೀ," ಅವನೂ ಹಿಂದಿಯಲ್ಲೇ ಹೇಳಿದ. "ಬಿದ್ದ ದಿನ ನಾವು ಬಾಗಿಲು ಹಾಕಿಕೊಂಡು ಒಲೆ ಮುಂದೆ ಕೂರುತ್ತೇವೆ. ಅಂಗಿ ಒಂದರಲ್ಲಿ ಹೊರಗೆ ಹೋಗುವಷ್ಟು ಹುಚ್ಚರಲ್ಲ."

ಒಂಬತ್ತೂ ಜನ ಸೇರಿ ತಲೆಗೊಂದು ಕೋಟು ಕೊಡಿ ಎಂದು ಅರ್ಜಿ ಹಾಕಿದರು. ಬರೆದುಕೊಟ್ಟವನು ನಮ್ಮ ಸೂಪರ್‌ವೈಸರ್, ಉಡುಪಿ ಕಡೆಯವನು. ಮನೆಯಲ್ಲಿ ತುಳು, ಆಫೀಸಿನಲ್ಲಿ ಇಂಗ್ಲಿಷು ಮತ್ತು ಅರಬ್ಬಿ, ನನ್ನ ಪಾಲಿಗೆ ಕನ್ನಡ. ಮುದೀರ್, ಅಂದರೆ ಮ್ಯಾನೇಜರ್, ಕಾಗದ ಓದಿ ಈದ್ ಮುಗಿಯಲಿ, ಬಂದು ನೋಡುತ್ತೇನೆ ಎಂದ. ಈದ್‌ಗೆ ಒಂದು ತಿಂಗಳಿತ್ತು.

ಆ ಒಂದು ತಿಂಗಳಿನಲ್ಲಿ ನಾನು ತಪ್ಪು ಮಾಡಿದೆ.

ನಮ್ಮ ಕಡೆ ಹಳೆ ಬಟ್ಟೆ ಕಂಡರೆ ಹೆಂಗಸರ ಕೈ ಸುಮ್ಮನಿರುವುದಿಲ್ಲ, ಹೊದೆಯುವ ಕೌದಿ ಹೊಲಿಯುತ್ತದೆ. ಬಂಗಲೆಗಳಲ್ಲಿ ಕಲೆ ಬಿದ್ದ ಹಾಸಿಗೆ ಬಟ್ಟೆ, ತೂತಾದ ಟವೆಲು ಎಲ್ಲ ಕಸಕ್ಕೆ ಹೋಗುತ್ತಿದ್ದವು. ಸೂಪರ್‌ವೈಸರನನ್ನು ಕೇಳಿ ಎರಡು ಗಂಟು ತಂದೆ. ದಾರ ಅವನೇ ಕುವೈತ್ ಸಿಟಿಯ ಹಳೆ ಪೇಟೆಯಿಂದ ತಂದುಕೊಟ್ಟ, ಯಾರಿಗೆ ಏನು ಹೊಲಿಯುತ್ತೇನೆ ಎಂದು ಕೇಳಲಿಲ್ಲ. ನಮ್ಮ ಪಾಳಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ನಾವು ಆರು ಹೆಂಗಸರಿದ್ದ ಕೋಣೆಯಲ್ಲಿ ಉಳಿದವರು ಮಲಗಿರುತ್ತಿದ್ದರು. ಪರದೆಯ ಸಂದಿಯಿಂದ ಒಂದು ಪಟ್ಟಿ ಬಿಸಿಲು ಬೀಳುತ್ತಿತ್ತು. ಅದು ಸರಿದ ಕಡೆ ನಾನೂ ಸರಿಯುತ್ತಾ ಹೊಲಿದೆ. ನಾಲ್ಕು ಪದರು ಟವೆಲು, ಮೇಲೆ ಕೆಳಗೆ ಹಾಸಿಗೆ ಬಟ್ಟೆ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುವ ಕೌದಿ ಹೊಲಿಗೆ. ತೋಳಿಲ್ಲದ ಅಂಗಿ, ಯೂನಿಫಾರಂ ಒಳಗೆ ಹಾಕಿಕೊಳ್ಳುವಂಥದ್ದು. ಹೊಲಿಯುತ್ತಾ ಹೊಲಿಯುತ್ತಾ ಎಸಿಯ ಗುಂಯ್‌ಗುಡುವ ಸದ್ದು ದೂರದ ಗಿರಣಿಯ ಸದ್ದಾಗುತ್ತಿತ್ತು. ನಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಗಿ, ಸೂಜಿ ಚುಚ್ಚಿದಾಗ ತಿರುಗಿ ಕುವೈತಿಗೆ ಬರುತ್ತಿದ್ದೆ.

ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯುವುದು ನಮ್ಮವ್ವನ ಪದ್ಧತಿ. ಹಸಿದ ಕೌದಿ ಮೈ ಬೆಚ್ಚಗೆ ಮಾಡುವುದಿಲ್ಲ ಎನ್ನುತ್ತಿದ್ದಳು. ಅಲ್ಲಿ ರೊಟ್ಟಿ ಎಲ್ಲಿಂದ ತರಲಿ? ಅರಬ್ಬರ ರೊಟ್ಟಿ ಖುಬೂಸ್ ಇತ್ತು. ಒಂದೊಂದು ಅಂಗಿಗೆ ಉಗುರಗಲ ಖುಬೂಸ್ ಇಟ್ಟೆ. ನೇಪಾಳದವನಿಗೆ ಹೇಳಿದರೆ, "ನನ್ನದಕ್ಕೆ ಸ್ವಲ್ಪ ಕೋಳಿಯನ್ನೂ ಸೇರಿಸು ಮಾಜೀ" ಎಂದ.

ಅಂಗಿ ಹಾಕಿಕೊಂಡ ಒಂಬತ್ತು ಜನ ಮಬ್ಬಿನೊಳಗೆ ಉಬ್ಬಿದ ಪಾರಿವಾಳಗಳ ಹಾಗೆ ಓಡಾಡಿದರು. ಸೂಪರ್‌ವೈಸರ್ ಬಂದು ಬಾಗಿಲಲ್ಲಿ ನಿಂತ.

"ಎಂತ ಅಮ್ಮ ಇದು, ಎಲ್ಲರೂ ಹಂಡೆ ಹಾಗೆ ಊದಿದ್ದಾರಲ್ಲ? ಯಾರು ಹೇಳಿದ್ದು ನಿಮಗೆ ಹೊಲಿಲಿಕ್ಕೆ?"

"ಯಾರರ ಹೇಳಬೇಕೇನ್ರಿ? ಥಂಡಿ ಹೇಳೈತಿ."

"ನಿಮ್ಮ ಕನ್ನಡ ಕೇಳಿದ್ರೆ ಜಗಳ ಮಾಡಿದ ಹಾಗೇ ಆಗ್ತದೆ."

"ನಿಮ್ಮದು ಕೇಳಿದ್ರ ಸಾಲಿ ಹುಡುಗ ಪಾಠ ಒಪ್ಪಸಿದಂಗ ಆಕ್ಕೇತ್ರಿ."

ಅವನು ನಕ್ಕ. ನಾನೂ ನಕ್ಕೆ. ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು.

ಈದ್ ಮುಗಿಯಿತು. ಮುದೀರ್ ಬಂದ. ನೇಪಾಳದವನನ್ನು ಹತ್ತಿರ ಕರೆದು ಯೂನಿಫಾರಂ ಎತ್ತಿ ಕೌದಿ ಅಂಗಿಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದ. ಎಮ್ಮೆ ಕೊಳ್ಳುವವನು ಚರ್ಮ ಹಿಡಿದು ನೋಡುವ ಹಾಗೆ. "ಝೈನ್, ಝೈನ್," ಎಂದ. ಚೆನ್ನಾಗಿದೆ ಎಂದು. ನನಗೆ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಸೂಪರ್‌ವೈಸರ್ ಮುಖ ಕೆಳಗೆ ಹಾಕಿಕೊಂಡು ಬಂದ.

"ಕೋಟು ಇಲ್ಲ ಅಂತೆ ಅಮ್ಮ. ಅವರ ಹತ್ರ ಬೆಚ್ಚಗಿನ ಬಟ್ಟೆ ಉಂಟಲ್ಲ, ಮತ್ತೆ ಕೋಟು ಯಾಕೆ ಅಂತ ಹೇಳಿದ್ರು."

"ಅದು ಕಸದಾಗಿನ ಟವೆಲ್ ಅಲ್ರಿ! ಹಸಿ ಆತಂದ್ರ ಮೈಗೆ ಹತ್ತಿ ಕುಂದರತೈತಿ."

"ನಂಗೆ ಗೊತ್ತುಂಟು. ಇನ್ನೊಂದು ಉಂಟು, ಬೈಬೇಡಿ. ಮುಂದಿನ ತಿಂಗಳು ಹೊಸಬರು ಬರ್ತಾರಂತೆ. ಅವರಿಗೆ ಮೂವತ್ತು ಹೊಲಿಬೇಕಂತೆ ನೀವು. ಬೆಳಿಗ್ಗೆ ಹೊತ್ತು, ನಿಮ್ಮ ಟೈಮಲ್ಲಿ."

ನಾನು ಬೈಯಲಿಲ್ಲ. ಹೀಟರಿನ ಮುಂದೆ ಕೈಚೀಲಗಳು ಆವಿ ಬಿಡುತ್ತಿದ್ದವು, ಇನ್ನೂರು ಜೋಡಿ ಖಾಲಿ ಕೈಗಳು. ಕಂಪನಿ ಕೊಡಬೇಕಾಗಿದ್ದ ಕೋಟನ್ನು ನಾನೇ ತಡೆದಿದ್ದೆ. ನನ್ನ ಹೊಲಿಗೆಯೇ ಅವರಿಗೆ ನೆಪವಾಗಿತ್ತು. ಇಂಥ ಕೆಲಸ ಹಗೆಯವನೂ ಮಾಡುವುದಿಲ್ಲ.

ಮರುದಿನ ಒಂಬತ್ತು ಜನರಿಗೂ ಹೇಳಿದೆ: ಅಂಗಿ ತಿರುಗಿ ಕೊಡಿ, ಬಿಚ್ಚುತ್ತೇನೆ. ನೇಪಾಳದವನು ಸಿಟ್ಟಾದ.

"ಕೊಟ್ಟವಳೂ ನೀನೇ, ಕಸಿಯುವವಳೂ ನೀನೇ? ನಾಳೆ ಶುಕ್ರವಾರ. ಜನವೋ ಜನ. ಸತ್ತು ಹೋಗುತ್ತೇವೆ ಮಾಜೀ."

"ಸಾಯೂದಿಲ್ಲ. ಹತ್ತು ನಿಮಿಷಕ್ಕೊಮ್ಮಿ ಹೊರಗ ಬಾ, ನನ್ನ ಹೀಟರ್ ಮುಂದ ನಿಂದ್ರು. ಬೆರಳು ತಿರುಗಿ ಕೆಂಪಗಾಗೋ ತನಕ ಒಳಗ ಹೋಗಬ್ಯಾಡ. ಕೆಲಸ ಮಾಡೂದಿಲ್ಲ ಅಂತ ಯಾರೂ ಅನಬ್ಯಾಡ್ರಿ. ಥಂಡಿ ಅಂತಷ್ಟ ಅನ್ರಿ. ಅದರಾಗ ಸುಳ್ಳೇನೈತಿ?"

ಅವನು ಅಲ್ಲೇ ನಿಂತು ಅಂಗಿ ಕಳಚಿ ನನ್ನ ಮಡಿಲಿಗೆ ಎಸೆದ. ಇನ್ನೂ ಬೆಚ್ಚಗಿತ್ತು. ಉಳಿದವರೂ ಕಳಚಿದರು.

ಶುಕ್ರವಾರ ಬೆಳಿಗ್ಗೆ ಬಿಚ್ಚಿದೆ. ಹೊಲಿಯಲು ಒಂದು ತಿಂಗಳು ಹಿಡಿದದ್ದನ್ನು ಬಿಚ್ಚಲು ಎರಡು ತಾಸು ಸಾಕಾಯಿತು. ಪ್ರತಿಯೊಂದು ಅಂಗಿಯ ಮೂಲೆಯಿಂದಲೂ ಖುಬೂಸಿನ ಚೂರು ಉದುರಿತು, ಒಣಗಿ ಗಟ್ಟಿಯಾಗಿ, ಹಲ್ಲಿನ ಹಾಗೆ. ಒಂಬತ್ತನ್ನೂ ಕಿಟಕಿಯಲ್ಲಿ ಇಟ್ಟೆ. ಹಕ್ಕಿ ತಿಂದವೋ ಏನೋ.

ಆ ದಿನ ಐಸಿನ ಮನೆ ನಿದ್ದೆಯಲ್ಲಿ ನಡೆಯುವವರ ಮನೆಯಾಯಿತು. ಇಬ್ಬರು ಒಳಗೆ ಹೋದರೆ ಮೂವರು ಹೊರಗೆ ಬರುತ್ತಿದ್ದರು. ನನ್ನ ಕೋಣೆಯಲ್ಲಿ ಹೀಟರಿನ ಸುತ್ತ ಕೈ ಚಾಚಿ ನಿಲ್ಲುತ್ತಿದ್ದರು. ಅವರ ಅಂಗಿಯಿಂದ ಮಬ್ಬು ಏಳುತ್ತಿತ್ತು. ಒಳಗೆ ಟ್ಯೂಬುಗಳು ದಿಬ್ಬದ ಬುಡದಲ್ಲೇ ಗುಡ್ಡೆ ಬಿದ್ದವು. ಎಳೆಯುವವರಿಲ್ಲದೆ ಮೇಲಿನವರು ಮೇಲೇ ಉಳಿದರು. ಹಿಮ ಗಟ್ಟಿಯಾಗಿ ಗಾಜಾಯಿತು. ಹೊರಗೆ ಬಿಸಿಲಿನಲ್ಲಿ ಸರತಿ ಬೆಳೆಯಿತು. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮನೆಮಂದಿಯೆಲ್ಲ ಟಿಕೆಟ್ ಹಣ ತಿರುಗಿ ಕೇಳಲು ಶುರು ಮಾಡಿದರು.

ಮುದೀರ್ ಓಡಿ ಬಂದ. ಹಿಂದೆ ಸೂಪರ್‌ವೈಸರ್, ಬೆವರುತ್ತಾ.

"ಅಂಗಿ ಎಲ್ಲಿ ಅಂತ ಕೇಳ್ತಿದ್ದಾರೆ ಅಮ್ಮ."

"ಬಿಚ್ಚೇನಿ ಅನ್ರಿ."

"ಯಾಕೆ ಅಂತೆ."

"ಕಂಪನಿ ಹೊಲಿಸಿದ್ದಲ್ಲ ಅನ್ರಿ. ನಾ ಕೊಟ್ಟೆ, ನಾ ತಗೊಂಡೆ. ಮೂವತ್ತು ಬೇಕಂದ್ರ ಅವರವ್ವನ ಕರಸಿ ಹೊಲಸಲಿ ಅನ್ರಿ."

ಸೂಪರ್‌ವೈಸರ್ ಮುದೀರನ ಕಡೆ ತಿರುಗಿ ಅರಬ್ಬಿಯಲ್ಲಿ ನಿಧಾನವಾಗಿ, ಮರಣದ ಸುದ್ದಿ ಹೇಳುವವನ ಹಾಗೆ ಹೇಳಿದ. ನನಗೆ ಅಷ್ಟಿಷ್ಟು ಅರಬ್ಬಿ ಬರುತ್ತದೆ. ಅವನ ಮಾತಿನಲ್ಲಿ ತಾಯಿ ಇರಲಿಲ್ಲ, ಮೂವತ್ತೂ ಇರಲಿಲ್ಲ. ಐನ್ ಎಂದರೆ ಕಣ್ಣು. ಖಲಾಸ್ ಎಂದರೆ ಮುಗಿಯಿತು. ಮುದುಕಿಯ ಕಣ್ಣು ಹೋಗಿದೆ, ಹೊಲಿಗೆ ಎಲ್ಲ ಬಿಚ್ಚಿಕೊಂಡಿದೆ, ಇನ್ನು ಅವಳಿಂದ ಆಗುವುದಿಲ್ಲ ಎಂದು ಹೇಳುತ್ತಿದ್ದ.

ಮುದೀರ್ ನನ್ನ ಕಣ್ಣನ್ನು ನೋಡಿದ. ನಾನೂ ಕಣ್ಣು ಪಿಳುಕಿಸದೆ ಅವನನ್ನು ನೋಡಿದೆ. ಕುರುಡಿ ಎಂದೇ ತಿಳಿದಿರಬೇಕು. ಆಮೇಲೆ ಸರತಿಯ ಕಡೆ ನೋಡಿದ. ತೂಗುಹಾಕಿದ್ದ ಸಾಲಿನಲ್ಲಿ ಹಳೆಯದಾಗಿ ಬಣ್ಣ ಹೋದ ಕೋಟುಗಳ ಕಡೆ ಬೆರಳು ತೋರಿಸಿ, "ಯಲ್ಲಾ" ಎಂದ, ಬೇಗ ಕೊಡು ಎಂದು. ಒಂಬತ್ತನ್ನು ತೆಗೆದುಕೊಟ್ಟೆ. ಬೆನ್ನಿನ ಮೇಲೆ ಬಿಳಿ ಬಣ್ಣದಿಂದ ನಂಬರು ಬರೆದರು. ಪಾಳಿ ಮುಗಿದ ಮೇಲೆ ತಿರುಗಿ ಕೊಡಬೇಕು, ಹೊರಗೆ ತೆಗೆದುಕೊಂಡು ಹೋಗುವ ಹಾಗಿಲ್ಲ. ಕರುಣೆಯಿಂದ ಕೊಟ್ಟದ್ದಲ್ಲ, ಟಿಕೆಟ್ ಉಳಿಸಿಕೊಳ್ಳಲು ಕೊಟ್ಟದ್ದು. ಕೋಟಿಗೆ ಅದು ಗೊತ್ತಾಗುವುದಿಲ್ಲ, ಬೆಚ್ಚಗೆ ಇಡುತ್ತದೆ.

"ನೀವು ಹೇಳಿದ್ದನ್ನು ಹಾಗೇ ಹೇಳಿದ್ರೆ ನಾವಿಬ್ಬರೂ ನಾಳೆ ಏರ್‌ಪೋರ್ಟಲ್ಲಿ, ಮಾರಾಯ್ತಿ," ಎಂದ ಸೂಪರ್‌ವೈಸರ್.

"ಹಂಗಾದ್ರ ಪುಕ್ಕಟೆ ಟಿಕೆಟ್ ಬರ್ತಿತ್ತಲ್ರಿ."

ಅವನಿಗೆ ನಗು ಬರಲಿಲ್ಲ. ಅವನ ಸುಳ್ಳು ನನ್ನನ್ನು ಉಳಿಸಿತು, ನನ್ನ ಕೋಣೆಯನ್ನು ಉಳಿಸಲಿಲ್ಲ. ಕಣ್ಣು ಕಾಣದವಳಿಗೆ ಹೊಲಿಗೆಯ ಕೆಲಸ ಯಾಕೆ ಎಂದು ಮುಂದಿನ ವಾರವೇ ನನ್ನನ್ನು ಸಮುದ್ರದ ದಂಡೆಯ ಪಾಯಖಾನೆ ತೊಳೆಯಲು ಹಾಕಿದರು. ಅಲ್ಲಿ ಮಬ್ಬು ಇಲ್ಲ, ನೆರಳೂ ಇಲ್ಲ. ನೀರಿನ ಮೇಲಿನ ಬೆಳಕು ಕಣ್ಣಿಗೆ ಚುಚ್ಚಿ ಚುಚ್ಚಿ, ಇನ್ನೊಂದು ವರ್ಷಕ್ಕೆ ಅವನ ಸುಳ್ಳು ನಿಜವಾಗುತ್ತದೆ ಎಂದುಕೊಂಡೆ.

ಅಲ್ಲಿಗೆ ಹೋದ ನಾಲ್ಕನೆಯ ದಿನವೋ ಐದನೆಯ ದಿನವೋ, ನಡುಮಧ್ಯಾಹ್ನ. ಮರಳಿನ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತಿತ್ತು. ಆ ನಡುಕದೊಳಗಿನಿಂದ ಒಂದು ದೊಡ್ಡ ಮಾಸಿದ ಕೆಂಪು ಆಕಾರ ತೇಲುತ್ತಾ ಬಂತು. ನನ್ನ ತಲೆಗೆ ಬಿಸಿಲು ಹತ್ತಿದೆ ಎಂದುಕೊಂಡು ಬಕೆಟ್ ಕೆಳಗಿಟ್ಟೆ. ಛತ್ರಿ ಕೆಳಗೆ ಮಲಗಿದ್ದವರು ಎದ್ದು ಕೂತು ನೋಡುತ್ತಿದ್ದರು. ಹತ್ತಿರ ಬಂದ ಮೇಲೆ ಗೊತ್ತಾಯಿತು, ನೇಪಾಳದವನು. ಗಂಟಲ ತನಕ ಚೈನು ಎಳೆದ ಕೋಟು, ತಲೆಗೆ ಟೊಪ್ಪಿಗೆ. ಮುಖದಿಂದ ಬೆವರು ಧಾರೆ. ನನ್ನ ಮುಂದೆ ನಿಂತು ಮೆಲ್ಲಗೆ ಒಂದು ಸುತ್ತು ತಿರುಗಿದ. ಬೆನ್ನ ಮೇಲೆ ನಾಲ್ಕನೇ ನಂಬರು.

"ಹುಚ್ಚು ಹಿಡದೈತೇನೋ ನಿನಗ? ಹೊರಗ ತಂದದ್ದು ಕಂಡ್ರ ಪಗಾರ ಹಿಡೀತಾರ. ತಗೀ ಅದನ!"

"ಇದನ್ನು ಬೆಳಕಿನಲ್ಲಿ ನೀನು ನೋಡಿರಲಿಲ್ಲವಲ್ಲ ಮಾಜೀ," ಎಂದ.

ನೋಡಿದೆ. ಎಡ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಕೈ ಮೇಲೆತ್ತು ಎಂದೆ. ಎತ್ತಿದ. ಆ ಸುಡುವ ಬಿಸಿಲಿನಲ್ಲಿ ನಿಂತುಕೊಂಡೇ ಆರು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು, ಬೆನ್ನಿಗೊಂದು ಗುದ್ದು ಕೊಟ್ಟು ಅವನನ್ನು ಓಡಿಸಿದೆ.