ಬೋಧಿಕೊಪ್ಪಲಿನ ಹೆಸರಿಲ್ಲದ ಕಲ್ಲು

ಕಲ್ಲಿನ ಮೇಲೆ ಹೊಸದಾಗಿ ಕೆತ್ತಿದ್ದನ್ನು ಮೊಮ್ಮಗಳು ರೋಜಾ ಓದಿ ಹೇಳಿದಾಗ ಗೋವಿಂದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಗಂಗಾಧರಸ್ವಾಮಿಯವರು ದಾನವಿತ್ತ ಭೂಮಿ" ಅಂತೆ! ದಾನವಂತೆ ದಾನ! ಯಾರಪ್ಪನ ಮನೆ ಗಂಟು?

ಗೋವಿಂದಮ್ಮ ಹೊಸ ಮದುವಣಗಿತ್ತಿಯಾಗಿದ್ದ ಕಾಲ. ಊರ ಬಾವಿ ಮುಟ್ಟಿದರೆಂದು ಏಟು ತಿಂದ ಒಂಬತ್ತು ಮನೆಯವರು ಬುದ್ಧನಿಗೆ ಶರಣೆಂದು ಹೊಳೆ ದಾಟಿ ಬಂದರು. ಆಚೆ ದಡದಲ್ಲಿ, ಹೆಮ್ಮಿಗೆ ಎಂಬ ಊರಿನಾಚೆ ಯಾರಿಗೂ ಬೇಡವಾಗಿದ್ದ ಸರ್ಕಾರಿ ಕುರುಚಲು ಕಾಡು. ಅದನ್ನು ಸವರಿ, ಬಂಡೆ ಒಡೆದು, ನಾಲೆಯಿಂದ ಕಾಲುವೆ ತೋಡಿದರು. ಅವಳ ಗಂಡ ಪುಟ್ಟಬಸವಯ್ಯ ಮಣ್ಣು ಕುಸಿದು ಅದರಲ್ಲೇ ಸತ್ತ. ಮಗ ರಾಜೇಂದ್ರ ಆಗಿನ್ನೂ ಹೊಟ್ಟೆಯಲ್ಲಿದ್ದ. ನೀರು ಹರಿದ ದಿನ ಕಾಲುವೆಯ ಬಾಯಲ್ಲಿ ಒಂದು ಕಲ್ಲು ನೆಟ್ಟರು. ಯಾರ ಹೆಸರನ್ನೂ ಹಾಕಲಿಲ್ಲ. ಹೆಸರು ಬಂದರೆ ಹಿಂದೆಯೇ ಮೇಲು ಕೀಳು ಬರುತ್ತದೆ, ಅದಕ್ಕೇ ತಾನೇ ಊರು ಬಿಟ್ಟದ್ದು? ಅಂದಿನಿಂದ ಬುದ್ಧಪೂರ್ಣಿಮೆಗೆ ಎಲ್ಲರೂ ಕೂಡಿ ಹೂಳೆತ್ತಿ, ಆ ಬರಿಯ ಕಲ್ಲನ್ನು ತೊಳೆದು, ಒಂದೇ ಹಂಡೆಯ ಅನ್ನ ಉಣ್ಣುತ್ತಾರೆ.

ಬರಿಯ ಜಾಗ ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ಈ ಗಂಗಾಧರಸ್ವಾಮಿ ಯಾರು ಅಂದುಕೊಂಡಿರಿ? ಅಂದು ಇವರನ್ನು ಆ ಕಾಡಿನಿಂದಲೂ ಓಡಿಸಲು ಆಳು ಕಳಿಸಿದ್ದ ಹೆಮ್ಮಿಗೆಯ ಜಮೀನ್ದಾರ, ಮಹಾನುಭಾವ! ಅವನ ಮೊಮ್ಮಗ ಬಸವಪ್ರಸಾದ್ ಈಗ ಎಲೆಕ್ಷನ್ನಿಗೆ ನಿಂತು, ಕೊಪ್ಪಲಿಗೊಂದು ಕಮಾನು ಕಟ್ಟಿಸಿ, ಕಲ್ಲಿಗೆ ತಾತನ ಹೆಸರು ಕೆತ್ತಿಸಿದ್ದ. ಪೂರ್ಣಿಮೆಯ ಬೆಳಿಗ್ಗೆ ಶಾಲು ಹಿಡಿದು ಬಂದೇಬಿಟ್ಟ.

"ಗೋವಿಂದಮ್ಮೋರೆ, ಕಲ್ಲು ಸುಮ್ನೆ ಖಾಲಿ ಇತ್ತಲ್ಲ, ಅದ್ಕೇ ಹೆಸರು ಹಾಕ್ಸಿದ್ವಿ. ಬನ್ನಿ, ನಿಮಗೊಂದು ಸನ್ಮಾನ."

"ನಿಮ್ ತಾತ ಕೊಟ್ಟಿದ್ದು ದೊಣ್ಣೆ ಏಟು ಕಣಪ್ಪಾ, ಅದ್ನ ಕೆತ್ಸು! ಶಾಲು ನೀನೇ ಒದ್ಕೊ, ಮಕ ಮುಚ್ಕೊಳಕಾಯ್ತದೆ."

ರಾಜೇಂದ್ರ ಅವಳ ಕಿವಿಯ ಬಳಿ ಬಗ್ಗಿದ. "ಅವ್ವಾ, ಜಗಳ ಬ್ಯಾಡ. ಅದ್ನ ಅಳ್ಸಿ ಅಪ್ಪನ ಎಸ್ರು ಆಕ್ಸಾನ. ಇಲ್ಲೇ ಪ್ರಾಣ ಬುಟ್ಟೋರಲ್ವಾ?"

ಗಂಡನ ಹೆಸರು ಆ ಕಲ್ಲಿನ ಮೇಲೆ ಕಾಣಬೇಕೆಂಬ ಆಸೆ ಗೋವಿಂದಮ್ಮನಿಗಿರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ತನ್ನ ಆ ಆಸೆಯ ಮೇಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಮಣ್ಣು ಕುಸ್ದಾಗ ನಿಮ್ಮಪ್ಪನ್ನ ಬರಿಗೈಲಿ ಬಗ್ದು ಆಚ್ಗೆ ತೆಗ್ದೋರು ಉಳ್ದ ಮನೆಯೋರು ಕಣ್ಲಾ. ಅವ್ರ ಎಸ್ರು ಎಲ್ಲಿಗಾಕೀಯೆ? ತಕ್ಕೊಂಬಾ ಹಾರೆ."

ಅವಳೇ ಮೀಟತೊಡಗಿದಳು. ಹಾರೆ ಎರಡು ಸಲ ಜಾರಿದ ಮೇಲೆ ರಾಜೇಂದ್ರ ಅದನ್ನು ಇಸಕೊಂಡ. ಆಮೇಲೆ ಎಲ್ಲ ಮನೆಯವರೂ ಬಂದು ಕೈ ಹಾಕಿದರು. ಕಲ್ಲನ್ನು ಕಿತ್ತು, ಗುಂಡಿಯನ್ನು ಆಳ ಮಾಡಿ, ತಲೆಕೆಳಗಾಗಿ ನೆಟ್ಟರು. ಹೆಸರೆಲ್ಲ ಮಣ್ಣಿಗೆ ಹೋಯಿತು, ಬರಿಯ ಬುಡ ಮೇಲೆ ಬಂತು.

ಗೋವಿಂದಮ್ಮ ಕಾಲುವೆಯ ನೀರು ಮೊಗೆದು ಕಲ್ಲಿಗೆ ಹೊಯ್ದಳು. ಶಾಲು ಹಿಡಿದು ನಿಂತೇ ಇದ್ದ ಬಸವಪ್ರಸಾದನ ಕಡೆ ತಿರುಗಿದಳು.

"ಖಾಲಿ ಅಂದ್ಯಲ್ಲಾ? ಇದ್ರಲ್ಲಿ ಎಲ್ಲರ ಎಸ್ರೂ ಅದೆ ಕಣಪ್ಪಾ. ನಿಮ್ ತಾತನ್ದು ಮಾತ್ರ ಇಲ್ಲ."