ಟವೆಲ್ಲಿನ ಬದಲು ಪುಸ್ತಕ

ಶಿಕಾರಿಪುರದ ಸ್ಟ್ಯಾಂಡಿಗೆ ಸೊರಬದ ಬಸ್ಸು ಬಂದರೆ, ಅದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದವರಿಗೆ ಸೀಟು. ತೊಂಬತ್ತರ ದಶಕದಲ್ಲಿ ಅದಕ್ಕಿಂತ ದೊಡ್ಡ ಕಾನೂನು ಅಲ್ಲಿರಲಿಲ್ಲ. ನಾನಾಗ ಸೊರಬದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಡಿಗ್ರಿ ಮುಗಿಯಿತು, ಇನ್ನು ನನ್ನ ಸಿಲೆಬಸ್ ನನ್ನದೇ ಎಂದು ಹಟ ಹಿಡಿದು ಐದು ಪುಸ್ತಕ ಒಟ್ಟಿಗೆ ಓದುತ್ತಿದ್ದೆ. ಬ್ಯಾಗಿನಲ್ಲಿ ಹಿಡಿಯದವು ಕೈಯಲ್ಲಿ. ಇಂಗ್ಲಿಷ್ ಮೀಡಿಯಮ್ಮಿನವಳಾದ ನನಗೆ ಅವುಗಳಲ್ಲಿ ಕನ್ನಡದ್ದೇ ಓದಲು ನಿಧಾನ.

ಒಂದು ದಿನ ಸೀಟಿಗೆ ಹಾಕಲು ಕರ್ಚೀಫು ತೆಗೆಯೋಣವೆಂದರೆ ಕೈ ಬಿಡುವಿರಲಿಲ್ಲ. ಮೇಲಿದ್ದ ಕನ್ನಡ ಪುಸ್ತಕವನ್ನೇ ಕಿಟಕಿಯೊಳಗೆ ಹಾಕಿದೆ. ಹತ್ತಿ ನೋಡಿದರೆ ಆ ಸೀಟಿನಲ್ಲಿ ಪೇಟದ ಯಜಮಾನರೊಬ್ಬರು ಕೂತು ಅದರ ಹಾಳೆ ತಿರುವುತ್ತಿದ್ದರು.

"ಅದು ನನ್ನ ಸೀಟು," ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ಟವೆಲ್ ಹಾಕಿದ್ರೆ ಬಿಡ್ತಾರವ್ವ, ಪುಸ್ತಕಕ್ಕೆ ಯಾರು ಬಿಡ್ತಾರೆ?" ಅವರ ಕಣ್ಣು ನನ್ನ ಹೊರೆಯ ಮೇಲೆ ಬಿತ್ತು. "ಅಬ್ಬಬ್ಬ! ಯಾವ ಪರೀಕ್ಷೆ?"

"ಯಾವ್ದೂ ಇಲ್ಲ."

"ಮತ್ಯಾಕೆ ಇಷ್ಟೊಂದು? ಒಂದು ಮುಗಿಸಿ ಇನ್ನೊಂದು ಹಿಡೀಬೇಕು."

ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಇದನ್ನೇ ಕೇಳಿ ಸುಮ್ಮನಿದ್ದವಳು ನಾನು. ಅವತ್ತು ಬಾಯಿ ತಾನಾಗಿ ತೆರೆಯಿತು. "ನೀವು ಅನ್ನ ಪೂರ್ತಿ ಮುಗಿಸಿ, ಆಮೇಲೆ ಪಲ್ಯ ಉಣ್ತೀರೇನ್ರೀ?"

ಹಿಂದಿನ ಸೀಟಿನ ಹೆಂಗಸು ಕಿಸಕ್ಕನೆ ನಕ್ಕರು. "ಏಳ್ರೀ ಯಜಮಾನ್ರೆ, ಇನ್ನೂ ಕೂತ್ರೆ ಮರ್ಯಾದೆ ಇರಲ್ಲ."

ಅವರು ನಗುತ್ತ ಎದ್ದರು. ಪುಸ್ತಕ ಮಾತ್ರ ಕೊಡಲಿಲ್ಲ. "ನಿಂಗೆ ಬೇರೆ ಅದಾವಲ್ಲ," ಎಂದು ಸೊರಬದವರೆಗೂ ನಿಂತೇ ಓದಿದರು.

ಮರುದಿನದಿಂದ ಟವೆಲ್ಲೂ ಒಯ್ದೆ. ಬ್ಯಾಗಿನಲ್ಲಿ ಅದಕ್ಕೆ ಜಾಗ ಬೇಕಿತ್ತು. ಪುಸ್ತಕ ಒಂದನ್ನೂ ತೆಗೆಯಲಿಲ್ಲ; ಮಧ್ಯಾಹ್ನದ ಊಟದ ಪಲ್ಯದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟೆ.